ದೇಶ ಸುತ್ತಿದವರ ಮನೆಯ ಕೋಶ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಗಾದೆ ಕೇಳದ ಕನ್ನಡಿಗರು ಕಡಿಮೆ. ತಿರುಗಾಡಿ ಪಡೆದ ತಿಳಿವಳಿಕೆಗೆ ಓದಿ ಪಡೆದ ತಿಳಿವಳಿಕೆ ಕೂಡಿದರೆ ಮನುಷ್ಯ ಜಾಣನಾಗುತ್ತಾನೆ ಎಂಬುದು ಅದಕ್ಕೆ ಸಾಮಾನ್ಯವಾಗಿ ಹೇಳುವ ಅರ್ಥ. ಗಾದೆ ಎರಡು ಕೆಲಸಗಳನ್ನೂ ಕೇಳುವವನ ಹೆಗಲಿಗೇ ಹೊರಿಸಿ ಸುಮ್ಮನಾಗುತ್ತದೆ. ದೇಶ ಸುತ್ತಲು ಹೊಟ್ಟೆಪಾಡೇ ಸಾಕು, ಅದು ತಾನಾಗಿ ಹೊರಡಿಸುತ್ತದೆ. ಓದಿಗೆ ಅಂಥ ಒತ್ತಾಯವಿಲ್ಲ. ಪುಸ್ತಕವನ್ನು ಕೈಗಿತ್ತು ಜೊತೆಗೆ ಕೂರುವ ಒಬ್ಬರು ಬೇಕು. ಗಾದೆಯಲ್ಲಿ ಅವರ ಸುದ್ದಿಯಿಲ್ಲ.

ಗಾದೆಯ ಮೊದಲ ಅರ್ಧವನ್ನು ಮುಂಬಯಿ ಪಕ್ಕದ ಠಾಣೆ, ಕಲ್ಯಾಣ, ಡೊಂಬಿವಲಿಯ ಕನ್ನಡಿಗರು ಚೆನ್ನಾಗಿ ಪಾಲಿಸಿದ್ದಾರೆ. ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಬಂತು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಮುಂದೆ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕರ್ನಾಟಕದಿಂದ ಮುಂಬಯಿಗೆ ಬಂದವರು ಮನೆ ಅಗ್ಗವಾಗಿ ಸಿಕ್ಕ ಕಡೆಗೆ ಇದೇ ಹಳಿ ಹಿಡಿದು ಸರಿದರು. ಹಗಲು ಹೋಟೆಲಿನಲ್ಲಿ ಮಾಣಿಯಾಗಿ ದುಡಿದು ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರ ಪೀಳಿಗೆಯೇ ಈ ನಗರದಲ್ಲಿತ್ತು. ಗಾದೆಯ ಎರಡೂ ತುದಿಗಳನ್ನು ಒಂದೇ ದಿನದಲ್ಲಿ ಹಿಡಿದವರು ಅವರು. ಡೊಂಬಿವಲಿ ಕರ್ನಾಟಕ ಸಂಘ ನಡೆಸುವ ಮಂಜುನಾಥ ವಿದ್ಯಾಲಯದಂಥ ಸಂಸ್ಥೆಗಳ ಹಿಂದೆ ಇದೇ ಹಂಬಲವಿದೆ.

ಪುಸ್ತಕಗಳಿಗೆ ಈ ಊರುಗಳಲ್ಲಿ ಬರವಿಲ್ಲ. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರದು, ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದು. 2017ರಲ್ಲಿ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಡೆದದ್ದು ಡೊಂಬಿವಲಿಯಲ್ಲೇ. ಕರ್ನಾಟಕದಲ್ಲಿ ಗ್ರಂಥಾಲಯಕ್ಕಾಗಿ ಆಸ್ತಿ ತೆರಿಗೆಯ ಮೇಲೆ ಕರ ವಸೂಲಾಗುತ್ತದೆ. ಮಹಾರಾಷ್ಟ್ರದ 1967ರ ಕಾಯ್ದೆಯಲ್ಲಿ ಅಂಥ ಕರವಿಲ್ಲ; ಊರಿನ ಜನ ಕಟ್ಟಿ ನಡೆಸುವ ವಾಚನಾಲಯಗಳಿಗೆ ಸರ್ಕಾರ ಅನುದಾನ ಕೊಡುತ್ತದೆ. ಹೀಗಾಗಿ ಇಲ್ಲಿ ವಾಚನಾಲಯ ಎಂದರೆ ಬಹುಮಟ್ಟಿಗೆ ಅದನ್ನು ನಡೆಸುವವರ ಆಸ್ಥೆಯೇ.

ತೊಡಕು ಇರುವುದು ಮೊಮ್ಮಕ್ಕಳ ಕಾಲದಲ್ಲಿ. ಮನೆಯಲ್ಲಿ ತುಳು ಅಥವಾ ಕನ್ನಡ, ಬೀದಿಯಲ್ಲಿ ಮರಾಠಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಅಜ್ಜಿಯ ಮಾತು ಪೂರಾ ತಿಳಿಯುವ ಮಗುವಿಗೆ ಅಜ್ಜಿ ಓದುವ ಪತ್ರಿಕೆಯ ಅಕ್ಷರ ತಿಳಿಯದು. ಇಂಥ ಮಗುವಿಗೆ ‘ಕೋಶ ಓದಬೇಕು’ ಎಂದು ಹೇಳಿ ಪ್ರಯೋಜನವಿಲ್ಲ. ‘ಬೇಕು’ ಎಂಬ ಅಪ್ಪಣೆಗೆ ಮಕ್ಕಳು ಪಾಠಪುಸ್ತಕ ಓದಿಯಾರು, ಕತೆಪುಸ್ತಕವನ್ನಲ್ಲ.

ಗಾದೆ ಬಿಟ್ಟುಹೋದ ಆ ವ್ಯಕ್ತಿಗೆ ದೊಡ್ಡ ನಿದರ್ಶನ ಎಸ್. ಆರ್. ರಂಗನಾಥನ್. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಅವರು ಮೊದಲಿಗೆ ಗಣಿತದ ಮೇಷ್ಟ್ರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದವರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಆ ಕೆಲಸ ರುಚಿಸದೆ ಪಾಠಕ್ಕೇ ಮರಳಲು ಹವಣಿಸಿದರು. ಲಂಡನ್ನಿಗೆ ಹೋಗಿ ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳನ್ನು ನೋಡಿದ ಮೇಲೆ ಮನಸ್ಸು ತಿರುಗಿತು. ಇವರ ಮಟ್ಟಿಗೆ ದೇಶ ಸುತ್ತಿದ್ದು ಕೋಶಕ್ಕೇ ದಾರಿಯಾಯಿತು. 1931ರಲ್ಲಿ ಪ್ರಕಟವಾದ ಅವರ ಐದು ಸೂತ್ರಗಳಲ್ಲಿ ಮೊದಲ ಮೂರು ಶಾಲೆಯ ವಾಚನಾಲಯಕ್ಕೆ ನೇರವಾಗಿ ಸಲ್ಲುತ್ತವೆ: ಪುಸ್ತಕವಿರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನದೊಂದು ಪುಸ್ತಕವಿದೆ, ಪ್ರತಿ ಪುಸ್ತಕಕ್ಕೂ ಅದರದೊಬ್ಬ ಓದುಗನಿದ್ದಾನೆ. ಎರಡನೆಯದನ್ನೂ ಮೂರನೆಯದನ್ನೂ ನಡೆಸಲು ಮಕ್ಕಳನ್ನು ಹೆಸರು ಹಿಡಿದು ಬಲ್ಲವರೇ ಆಗಬೇಕು. ಮೇಷ್ಟ್ರೇ ವಾಚನಾಲಯ ನೋಡಿಕೊಳ್ಳುವುದರ ಲಾಭ ಇಲ್ಲಿದೆ.

ಇನ್ನೊಂದು ನಿದರ್ಶನ ಕನ್ನಡದ್ದೇ. ಗಳಗನಾಥರೆಂದು ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿ (1869–1942) ಹಳ್ಳಿಶಾಲೆಗಳ ಮಾಸ್ತರರು. ನೌಕರಿ ಬಿಟ್ಟು ಕಾದಂಬರಿ ಬರೆದರು, ಅಗಡಿಯಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ನಡೆಸಿದರು, ಪುಸ್ತಕಗಳ ಹೊರೆ ಹೊತ್ತು ಊರೂರು ತಿರುಗಿ ಮಾರಿದರು. ಅವರ ಕೆಲವು ಕಾದಂಬರಿಗಳಿಗೆ ಮರಾಠಿಯ ಹರಿ ನಾರಾಯಣ ಆಪಟೆಯವರ ಕೃತಿಗಳೇ ಮೂಲ. ಮರಾಠಿ ನೆಲದ ಕನ್ನಡಿಗರಿಗೆ ಈ ಮಾಸ್ತರರು ರಂಗನಾಥನ್ ಅವರಿಗಿಂತ ಹತ್ತಿರದವರು.

ಇಷ್ಟು ದೊಡ್ಡ ಹೆಸರಿಲ್ಲದ ಟೀಚರುಗಳು ಮಾಡುವುದೂ ಇದನ್ನೇ. ಕತೆ ಗಟ್ಟಿಯಾಗಿ ಓದುತ್ತ ಹೋಗಿ ಕುತೂಹಲ ಏರಿದಲ್ಲಿ ನಿಲ್ಲಿಸುತ್ತಾರೆ. ಮುಂದಿನದಕ್ಕೆ ಮಕ್ಕಳೇ ಕಪಾಟಿನ ಬಳಿ ಬರುತ್ತಾರೆ. ಪುಸ್ತಕ ಕೊಟ್ಟು ಪಡೆಯುವ ವಹಿ ಬರೆಯಲು ತುಂಟನನ್ನೇ ಕೂರಿಸುತ್ತಾರೆ. ಓದಿದ್ದಕ್ಕೆ ಸಾರಾಂಶ ಬರೆಸುವುದಿಲ್ಲ. ಹಾಳೆ ಹರಿದರೆ ಗದರದೆ ಗೋಂದು ಕೊಡುತ್ತಾರೆ. ಪುಸ್ತಕ ಹೊಸದಾಗಿಯೇ ಉಳಿದ ವಾಚನಾಲಯ ಸೋತ ವಾಚನಾಲಯ. ಹಲವು ಶಾಲೆಗಳಲ್ಲಿ ಇದು ಪಾಠದ ಜೊತೆಗೆ ವಹಿಸಿದ ಹೆಚ್ಚುವರಿ ಕೆಲಸ, ಹುದ್ದೆಯಲ್ಲ. ಆದ್ದರಿಂದಲೇ ಅವರು ನಿವೃತ್ತರಾಗುವಾಗ ಪಾಠಕ್ಕೆ ಬದಲಿ ಟೀಚರು ಬರುತ್ತಾರೆ, ಕಪಾಟಿನ ಬೀಗದ ಕೈ ಆಫೀಸಿಗೆ ಹೋಗುತ್ತದೆ. ಶಾಲು, ಹಾರ, ಫಲತಾಂಬೂಲದ ಬೀಳ್ಕೊಡುಗೆಯಲ್ಲಿ ಈ ನಷ್ಟದ ಲೆಕ್ಕ ಯಾರೂ ತೆಗೆಯುವುದಿಲ್ಲ.

ಕಾನೂನಿನಲ್ಲೂ ಗಾದೆಯಲ್ಲಿರುವ ಕೊರತೆಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಪತ್ರಿಕೆ, ಕತೆಪುಸ್ತಕಗಳಿರುವ ಗ್ರಂಥಾಲಯ ಬೇಕೆನ್ನುತ್ತದೆ. ಅದೇ ಅನುಸೂಚಿ ಹಿರಿಯ ಪ್ರಾಥಮಿಕ ತರಗತಿಗಳಿಗೆ ಚಿತ್ರಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವಗಳ ಅರೆಕಾಲಿಕ ಬೋಧಕರನ್ನು ಹೆಸರಿಸುತ್ತದೆ, ಗ್ರಂಥಪಾಲಕರನ್ನು ಹೆಸರಿಸುವುದಿಲ್ಲ. ಶಾಲೆ ನಡೆಸುವ ಸಂಘಗಳು ಕಾಯ್ದೆ ತಿದ್ದುಪಡಿಗೆ ಕಾಯಬೇಕಿಲ್ಲ. ನಿವೃತ್ತಿಗೆ ಒಂದು ವರ್ಷ ಇರುವಾಗಲೇ ಕಿರಿಯ ಟೀಚರೊಬ್ಬರನ್ನು ಹಿರಿಯರ ಜೊತೆ ಆ ಕಪಾಟಿನ ಮುಂದೆ ಕೂರಿಸಲಿ.