ಎರಡನೆಯ ಒಪ್ಪಿಗೆ

ತಮ್ಮನಿಗೆ ಮೂತ್ರಪಿಂಡ ಕೊಡುತ್ತೇನೆಂದು ನಾನು ಹೇಳಿದ್ದು ಯೋಚಿಸಿ ಅಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಿಬಂದು ಬಸವಳಿಯುತ್ತಿದ್ದವನನ್ನು ನೋಡುತ್ತಾ ಮಾತು ತಾನಾಗಿ ಹೊರಬಿತ್ತು. ಅಮ್ಮ ನನ್ನ ತಲೆ ಸವರಿದಳು. ಅಣ್ಣನ ರಕ್ತದ ಗುಂಪೂ ಹೊಂದುತ್ತಿತ್ತು. ಆದರೆ ಅಂಗಡಿ, ಸಾಲ, ಮನೆಗೆ ದುಡಿದು ಹಾಕುವವನು ಎಂಬ ಕಾರಣಗಳು ಯಾರೂ ಆಡದೆಯೇ ಎಲ್ಲರಿಗೂ ಅರ್ಥವಾಗಿದ್ದವು. ಅವನ ಹೆಸರು ಮಾತಿನಲ್ಲಿ ಬರಲೇ ಇಲ್ಲ.

ತಪಾಸಣೆಗಳು ನಡೆಯುತ್ತಿದ್ದಾಗ ವೈದ್ಯರು ಒಮ್ಮೆ ನನ್ನೊಬ್ಬಳನ್ನೇ ಕರೆದು ಕೂರಿಸಿದರು. “ನಿಮಗೆ ಬೇಡ ಅನ್ನಿಸಿದರೆ ನನಗೆ ಹೇಳಿದರೆ ಸಾಕಮ್ಮ. ನೀವು ದಾನಕ್ಕೆ ಸೂಕ್ತರಲ್ಲ ಎಂದಷ್ಟೇ ಮನೆಯವರಿಗೆ ತಿಳಿಸುತ್ತೇವೆ. ಕಾರಣ ಯಾರಿಗೂ ಹೇಳುವುದಿಲ್ಲ” ಎಂದರು. ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಪ್ರೀತಿಯನ್ನು ಶಂಕಿಸುತ್ತಿದ್ದಾರೆ ಎನಿಸಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿಯವರೆಗೆ ನನಗೆ ಭಯವೇ ಆಗಿರಲಿಲ್ಲ, ಅದನ್ನು ಧೈರ್ಯವೆಂದು ತಿಳಿದಿದ್ದೆ. ಹಿಂದೆ ಸರಿಯಲು ದಾರಿ ಸಿಕ್ಕಿದ ಕೂಡಲೇ ಭಯ ಬಂತು. ಅಪಾಯದ ಮಾತುಗಳೆಲ್ಲ ಮೊದಲ ಬಾರಿಗೆ ಕಿವಿಗೆ ಬಿದ್ದಂತಾಯಿತು: ದಾನಿ ಸಾಯುವ ಸಾಧ್ಯತೆ ಹತ್ತು ಸಾವಿರಕ್ಕೆ ಸುಮಾರು ಮೂರು, ಉಳಿದ ಮೂತ್ರಪಿಂಡ ಹಿಗ್ಗಿ ದುಡಿದರೂ ಮೊದಲಿನ ಒಟ್ಟು ಶಕ್ತಿಯ ಶೇಕಡಾ 70ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ರಕ್ತದೊತ್ತಡ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ಇವನ್ನು ಜೀವನವಿಡೀ ಪರೀಕ್ಷಿಸಿಕೊಳ್ಳಬೇಕು, ನೋವಿನ ಮಾತ್ರೆಗಳನ್ನು ತೋಚಿದಂತೆ ನುಂಗುವಂತಿಲ್ಲ. ಇವೆಲ್ಲ ಮೊದಲೇ ಹೇಳಿದ್ದ ಸಂಗತಿಗಳು. ಕೇಳಿ ತೂಗಿನೋಡುವ ಅಧಿಕಾರ ನನಗಿದೆಯೆಂದೇ ನಾನು ಭಾವಿಸಿರಲಿಲ್ಲ. ಬೆಳಗ್ಗೆ ಮತ್ತೆ ಒಪ್ಪಿಕೊಂಡೆ. ಮೊದಲನೆಯದು ಮನೆಮಗಳ ಒಪ್ಪಿಗೆ; ಇದು ನನ್ನದು.

1994ರ ಮಾನವ ಅಂಗಾಂಗ ಕಸಿ ಕಾಯ್ದೆ ದಾನಿಯ ಒಪ್ಪಿಗೆ ಸ್ವಇಚ್ಛೆಯದಾಗಿರಬೇಕೆನ್ನುತ್ತದೆ. ಯಾರಾದರೂ ಒತ್ತಾಯಿಸಿದರೇ ಎಂದು ಕೇಳಿದಾಗ ಇಲ್ಲವೆಂದೆ, ಅದು ನಿಜವೇ. ಆದರೆ ಒತ್ತಾಯವಿಲ್ಲದಿರುವುದೇ ಸ್ವಾತಂತ್ರ್ಯವೇ? ನಮ್ಮ ದೇಶದಲ್ಲಿ ಬದುಕಿರುವಾಗ ಮೂತ್ರಪಿಂಡ ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. ಆ ತಾಯಂದಿರ, ಹೆಂಡಂದಿರ, ಅಕ್ಕತಂಗಿಯರ ಪ್ರೀತಿ ಕಡಿಮೆಯದೆಂದು ನಾನು ಹೇಳಲಾರೆ, ನಾನೂ ಅವರಲ್ಲೊಬ್ಬಳು. ಪ್ರೀತಿಗೆ ತನ್ನದೇ ಕಟ್ಟುಪಾಡು ಇರುತ್ತದೆಂಬುದನ್ನೂ ಬಲ್ಲೆ. ಆದರೂ ಕೊಡುವ ಸರದಿ ಬಂದಾಗ ಮನೆಯವರ ದೃಷ್ಟಿ ಮೊದಲು ಯಾರತ್ತ ಹೊರಳುತ್ತದೆ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗುತ್ತಿಲ್ಲ.

ಹಿಂದೆ ಸರಿಯುವ ದಾರಿಯ ಮಾತು ಬಂದಾಗ ನನಗೊಂದು ಹಳೆಯ ಸಂಗತಿ ನೆನಪಾಗುತ್ತದೆ. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ಜಗತ್ತಿನ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ಮಾಡಿದರು. ರೊನಾಲ್ಡ್ ಹೆರಿಕ್ ತನ್ನ ಅವಳಿ ಸಹೋದರ ರಿಚರ್ಡ್‌ಗೆ ಮೂತ್ರಪಿಂಡ ಕೊಟ್ಟ. ಹಿಂದಿನ ರಾತ್ರಿ ರಿಚರ್ಡ್ ಚೀಟಿ ಬರೆದು, ಇಲ್ಲಿಂದ ಎದ್ದು ಮನೆಗೆ ಹೋಗಿಬಿಡೆಂದು ಅವನಿಗೆ ಹೇಳಿಕಳಿಸಿದ್ದನಂತೆ. ರೊನಾಲ್ಡ್ ಹೋಗಲಿಲ್ಲ. ರೊನಾಲ್ಡನ ತ್ಯಾಗವನ್ನು ಎಲ್ಲರೂ ಕೊಂಡಾಡುತ್ತಾರೆ. ಸಾವಿನ ಹತ್ತಿರ ಮಲಗಿದ್ದೂ ಆ ಬಿಡುಗಡೆಯನ್ನು ಕೊಟ್ಟ ರಿಚರ್ಡ್ ನನಗೆ ಅಷ್ಟೇ ದೊಡ್ಡವನಾಗಿ ಕಾಣುತ್ತಾನೆ. ರೋಗಿಯ ಕೈಯಲ್ಲೂ ಕೊಡುವುದಕ್ಕೆ ಏನೋ ಇರುತ್ತದೆ.

ತಮ್ಮ ಚೆನ್ನಾಗಿದ್ದಾನೆ. ನನಗೆ ಕೆಲವು ತಿಂಗಳು ಸುಸ್ತಿತ್ತು, ಈಗಿಲ್ಲ. ಮತ್ತೆ ಅದೇ ಸಂದರ್ಭ ಬಂದರೂ ಕೊಡುತ್ತೇನೆ. ಅಣ್ಣನ ಬಗ್ಗೆ ಮುನಿಸಿಲ್ಲ. ಈಚೆಗೆ ಅವನಿಗಾಗಿ ಮರುಗುವುದೇ ಹೆಚ್ಚು. “ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ” ಎಂದು ಒಮ್ಮೆ ತಗ್ಗಿದ ದನಿಯಲ್ಲಿ ಅಂದ. ಮನೆಯಲ್ಲಿ ನನಗೆ ಇಲ್ಲವೆನ್ನುವ ಅವಕಾಶ ಇರಲಿಲ್ಲ, ಅವನಿಗೆ ಹೂಂ ಎನ್ನುವ ಅವಕಾಶ ಸಿಗಲಿಲ್ಲ. ಒಂದೇ ಮೌನ ಇಬ್ಬರಿಗೂ ಅನ್ಯಾಯ ಮಾಡಿತ್ತು.

ನಿಮ್ಮ ಮನೆಗೆ ಇಂಥ ದಿನ ಬಂದರೆ, ಮುಂದೆ ಬಂದವಳನ್ನು ಹೊಗಳುವ ಮೊದಲು ಎಲ್ಲರನ್ನೂ ಕೇಳಿ, ಒಬ್ಬೊಬ್ಬರನ್ನೇ ಬೇರೆಯಾಗಿ ಕೂರಿಸಿ ಕೇಳಿ. ಆಗುವುದಿಲ್ಲ ಎಂದವರಿಂದ ಕಾರಣ ಕೇಳಬೇಡಿ.