ಅಧಿಕಾರಿಗಳ ಮೌಲ್ಯಮಾಪನ ಮತ್ತು ಶ್ರಾವಕ ಧರ್ಮ

ದಶಲಕ್ಷಣ ಪರ್ವದ ಏಳನೆಯ ದಿನ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಪ್ರವಚನ ಕೇಳುವಾಗ ವ್ಯಾಪಾರಿಗಳಾದ ನಾವು ಒಂದು ಮಾತಿಗೆ ತಲೆತಗ್ಗಿಸುತ್ತೇವೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೂ ಒಂದು. ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ, ಸೇರಿದೆ. ಇವೆರಡೂ ಅಂಗಡಿಯ ತಕ್ಕಡಿಗೆ ಮತ್ತು ಖಾತೆ ಪುಸ್ತಕಕ್ಕೆ ಮಾತ್ರ ಸಂಬಂಧಿಸಿದವೆಂದು ನಾನು ಬಹುಕಾಲ ತಿಳಿದಿದ್ದೆ.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಪಟ್ಟಣದ ಮುಖ್ಯಾಧಿಕಾರಿಯ ವರ್ಗಾವಣೆಯನ್ನು ತಡೆಯಬೇಕೆಂದು ವರ್ತಕರೆಲ್ಲ ಸೇರಿ ಮನವಿ ಬರೆದರು. ‘ದಕ್ಷರು, ಪ್ರಾಮಾಣಿಕರು, ಜನಾನುರಾಗಿಗಳು’ ಎಂದು ಅದರಲ್ಲಿತ್ತು. ನಾನೂ ಸಹಿ ಹಾಕಿದೆ. ನನ್ನ ಮಳಿಗೆಯ ಪರವಾನಗಿ ನವೀಕರಣ ಎರಡೇ ದಿನದಲ್ಲಿ ಆಗಿತ್ತು; ಪೇಟೆಯ ಗಟಾರ ಸ್ವಚ್ಛವಾಗಿತ್ತು. ಮುಂದೆ ಒಂದು ದಿನ ಸಾಲ ವಸೂಲಿಗೆಂದು ಹಿಂದಿನ ಓಣಿಗೆ ಹೋದಾಗ ನಲ್ಲಿಯಲ್ಲಿ ನೀರು ಬಂದು ಒಂಬತ್ತು ದಿನವಾಗಿತ್ತೆಂದು ತಿಳಿಯಿತು. ಬೀದಿ ಗುಡಿಸುವವರಿಗೆ ಮೂರು ತಿಂಗಳ ಕೂಲಿ ಬಾಕಿ ಇತ್ತು. ಆ ಅಧಿಕಾರಿ ಕೆಟ್ಟವರೆಂದು ನಾನು ಇಂದಿಗೂ ಹೇಳಲಾರೆ. ಆದರೆ ಇಡೀ ಊರಿನ ಪರವಾಗಿ ಬರೆದ ಆ ಕಾಗದಕ್ಕೆ ನಾನು ಅಳೆದದ್ದು ನನ್ನ ಅಂಗಡಿಯ ಮುಂದಿನ ಹತ್ತು ಮಾರು ಗಟಾರವನ್ನು ಮಾತ್ರ. ಅದು ಕೂಟಲೇಖವಲ್ಲವೇ?

ಸರಕಾರದ ಬರಹದಲ್ಲಿಯೂ ಈ ದೋಷ ಇಲ್ಲದಿಲ್ಲ. ಅಧಿಕಾರಿಯ ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ಒಂದು ಶಬ್ದದ ಬೆಲೆ ಬಹಳ. ಗಡಿರಸ್ತೆ ಸಂಸ್ಥೆಯ ಎಂಜಿನಿಯರ್ ದೇವದತ್ತ ಎಂಬುವರಿಗೆ 1993-94ರ ಸಾಲಿನಲ್ಲಿ ‘ಉತ್ತಮ’ ಎಂದು ಬರೆಯಲಾಗಿತ್ತು. ಬಡ್ತಿಗೆ ‘ಅತ್ಯುತ್ತಮ’ ಬೇಕಿತ್ತು. ಹೊಗಳಿಕೆಯಂತೆ ಕಾಣುವ ಆ ಶಬ್ದವೇ ಅವರಿಗೆ ಅಡ್ಡಿಯಾಯಿತು, ಅದನ್ನು ಅವರಿಗೆ ತಿಳಿಸಿಯೂ ಇರಲಿಲ್ಲ. ಒಳ್ಳೆಯದಿರಲಿ, ಕೆಟ್ಟದ್ದಿರಲಿ, ವರದಿಯ ಪ್ರತಿಯೊಂದು ನಮೂದನ್ನೂ ಸಂಬಂಧಪಟ್ಟವರಿಗೆ ತಿಳಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿತು. ಆರೋಪಿಗೆ ಗೊತ್ತಿಲ್ಲದ ಆರೋಪಕ್ಕೆ ಅನೇಕಾಂತದಲ್ಲಿಯೂ ಎಡೆಯಿಲ್ಲ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ಅಳೆಯುವವರೇ ಇಲ್ಲದ ಕಾಲವನ್ನೂ ಕಂಡೆವು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ರಾಜ್ಯದಾದ್ಯಂತ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಸಭೆಯಲ್ಲಿ ಎದ್ದು ನಿಂತು ‘ಕೆರೆಯ ಹೂಳು ಏಕೆ ತೆಗೆಯಲಿಲ್ಲ’ ಎಂದು ಕಾರ್ಯನಿರ್ವಾಹಕ ಅಧಿಕಾರಿಯನ್ನು ಕೇಳುವ ಸದಸ್ಯನೇ ಇರಲಿಲ್ಲ. ಆಡಳಿತಾಧಿಕಾರಿಯೂ ಅಧಿಕಾರಿಯೇ, ತೂಗುವವನೂ ತೂಗಿಸಿಕೊಳ್ಳುವವನೂ ಒಂದೇ ಅಂಗಡಿಯವರು.

ಇನ್ನು ವೇತನ. ಅದು ಊರಿನ ಕೈಯಲ್ಲಿಲ್ಲ. ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಪರಿಷ್ಕೃತ ವೇತನ ಜಾರಿಯಾಯಿತು. ಕನಿಷ್ಠ ಮೂಲವೇತನ 17,000ದಿಂದ 27,000 ರೂಪಾಯಿಗೆ ಏರಿತು. ದುಡಿದವನಿಗೂ ದುಡಿಯದವನಿಗೂ ಒಂದೇ ಶ್ರೇಣಿ ಎಂದು ನಮ್ಮವರು ಆಕ್ಷೇಪಿಸಿ, ಕರವಸೂಲಿಯ ಗುರಿಗೆ ತಕ್ಕಂತೆ ಸಂಬಳ ಕೊಡಲಿ ಎನ್ನುತ್ತಾರೆ. ಲೆಕ್ಕ ಕಲಿತವನಾಗಿ ನನಗೂ ಹಿಂದೆ ಅದು ಸರಿ ಎನಿಸಿತ್ತು. ಈಗ ಒಪ್ಪಲಾರೆ. ಮಳೆ ಕೈಕೊಟ್ಟ ವರ್ಷ ವಸೂಲಿ ಕುಸಿದರೆ ಅದು ಅಧಿಕಾರಿಯ ತಪ್ಪೇ? ಗುರಿ ಮುಟ್ಟಲೆಂದು ಅವರು ಬಡವನ ನಲ್ಲಿ ಕಡಿದರೆ ಅದು ದಕ್ಷತೆಯೇ? ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧ ಎಂಬವಿವೆ. ಹೊರಲಾಗದ ಹೊರೆ ಹೊರಿಸಿ, ಹೊರಲಿಲ್ಲವೆಂದು ಅನ್ನ ತಡೆಯುವುದು ಎರಡನ್ನೂ ಒಮ್ಮೆಗೇ ಮಾಡಿದಂತೆ. ದೋಷ ಸಿದ್ಧವಾದರೆ ವೇತನ ಬಡ್ತಿ ತಡೆಯಲು 1957ರ ಶಿಸ್ತು ನಿಯಮಗಳಿವೆ. ಅಲ್ಲಿ ಅಧಿಕಾರಿಯ ಮಾತನ್ನೂ ಕೇಳಬೇಕಾಗುತ್ತದೆ.

ಪುರಸ್ಕಾರವೇ ಬೇಡವೆಂದಲ್ಲ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರಕ್ಕೆ ಹೆಸರು ಕೊಟ್ಟ ಬಂಕೇಶನು ಅಮೋಘವರ್ಷನ ಅಧಿಕಾರಿ. ಅವನ ಸೇವೆಯನ್ನು ಮೆಚ್ಚಿ ಚಕ್ರವರ್ತಿ ಕ್ರಿ.ಶ. 860ರಲ್ಲಿ ಒಂದು ಗ್ರಾಮವನ್ನು ದಾನಮಾಡಿದ ಸಂಗತಿ ಕೊಣ್ಣೂರಿನ ಶಾಸನದಲ್ಲಿದೆ. ಆ ಗ್ರಾಮ ಬಂಕೇಶನ ಮನೆಗೆ ಹೋಗಲಿಲ್ಲ. ಅವನ ಕೋರಿಕೆಯಂತೆ ಅವನು ಕಟ್ಟಿಸಿದ ಬಸದಿಗೆ ಸಂದಿತು. ಇಂದಿನ ಸಂಬಳದಾರರಿಂದ ಅಂಥ ತ್ಯಾಗ ನಿರೀಕ್ಷಿಸುವುದು ನ್ಯಾಯವಲ್ಲ, ಅವರಿಗೂ ಮಕ್ಕಳ ಶಾಲೆಯ ಶುಲ್ಕವಿದೆ. ಆದರೆ ಒಬ್ಬರ ಒಳ್ಳೆಯ ಕೆಲಸಕ್ಕೆ ಊರಿಗೇ ಒಂದು ಕೆರೆಯ ಅನುದಾನ ಬಂದರೆ ಹೇಗೆ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ವರದಿ ಬರೆಯುವವರು ನನ್ನನ್ನು ಕೇಳಿದರೆ ಮೊದಲ ಕಲಂ ಇದಾಗಲಿ ಎನ್ನುವೆ: ಅಧಿಕಾರಿಯ ಕೈಕೆಳಗಿನ ನೀರುಗಂಟಿಗೂ ಪೌರಕಾರ್ಮಿಕರಿಗೂ ಕೂಲಿ ಯಾವ ತಾರೀಖಿಗೆ ಸಂದಿತು? ನಮ್ಮ ಬಸದಿಗಳ ಟ್ರಸ್ಟುಗಳಿಗೂ ಇದು ಸಲ್ಲುತ್ತದೆ. ವ್ಯವಸ್ಥಾಪಕರ ಸಂಬಳ ಏರಿಸುವ ಸಭೆಯಲ್ಲಿ ಕಾಣಿಕೆಯ ಮೊತ್ತ ಓದುತ್ತೇವೆ. ಅಂಗಳ ಗುಡಿಸುವ ಹೆಂಗಸಿನ ಹಣ ಎಂದು ಕೊಟ್ಟಿರಿ ಎಂದು ಕೇಳಿದ್ದು ನನಗೆ ನೆನಪಿಲ್ಲ.

ಈಚೆಗೆ ಇನ್ನೊಂದು ಮನವಿಗೆ ಸಹಿ ಕೇಳಲು ನಾಲ್ವರು ವರ್ತಕರು ಬಂದಿದ್ದರು. ಸಂಜೆ ಎಲ್ಲರೂ ಕೂಡಿ ಹಿಂದಿನ ಓಣಿಗೆ ಹೋಗಿ ಬಂದು ಬರೆಯೋಣ ಎಂದೆ. ಇಬ್ಬರು ಬಂದರು.