ನೆರೆಯವನ ದೇವರ ಹೆಸರು ಹೊತ್ತವರು

2000ದ ಜುಲೈ 9ರ ಭಾನುವಾರ ಬೆಂಗಳೂರಿನ ಚಾಮರಾಜಪೇಟೆಗೆ ಹತ್ತಿರದ ಜಗಜೀವನರಾಂ ನಗರದ ಚರ್ಚಿನಲ್ಲಿ ಬಾಂಬ್ ಸಿಡಿಯಿತು. ಅದೇ ದಿನ ಮಾಗಡಿ ರಸ್ತೆಯಲ್ಲಿ ಒಂದು ಮಾರುತಿ ವ್ಯಾನ್ ತಾನು ಹೊತ್ತಿದ್ದ ಸ್ಫೋಟಕಕ್ಕೇ ಛಿದ್ರವಾಗಿ, ಒಳಗಿದ್ದ ಇಬ್ಬರು ಸತ್ತರು. ಆ ವ್ಯಾನಿನ ಜಾಡು ಹಿಡಿದು ಹೊರಟ ಪೊಲೀಸರಿಗೆ ವಾಡಿ, ಹುಬ್ಬಳ್ಳಿಯ ಚರ್ಚ್ ಸ್ಫೋಟಗಳ ಗಂಟೂ ಬಿಚ್ಚಿಕೊಂಡಿತು. ತನಿಖೆ ಹೋಗಿ ನಿಂತದ್ದು ದೀಂದಾರ್ ಅಂಜುಮನ್ ಎಂಬ ಸಣ್ಣ ಪಂಥದ ಬಾಗಿಲಲ್ಲಿ. ಎಲ್ಲ ಧರ್ಮಗಳೂ ಒಂದೇ ಎಂದು ಸಾರುತ್ತಿದ್ದ ಪಂಥ ಅದು. ಹಾಗಾದರೆ ಸಮನ್ವಯದ ಮಾತಿಗೂ ಬಾಂಬಿಗೂ ಎಲ್ಲಿಯ ನಂಟು?

ನಂಟಿನ ಎಳೆ 1924ರಲ್ಲೇ ಇದೆ ಎಂಬುದು ನನ್ನ ವಾದ. ಆ ವರ್ಷ ಪಂಥ ಕಟ್ಟಿದ ಸಿದ್ದಿಕ್ ಹುಸೇನ್ ತಾನೇ ಚನ್ನಬಸವೇಶ್ವರನ ಅವತಾರ ಎಂದು ಘೋಷಿಸಿಕೊಂಡರು. ಬಸವಣ್ಣನವರ ಸೋದರಳಿಯ, ಷಟ್‌ಸ್ಥಲ ಜ್ಞಾನಿ ಚನ್ನಬಸವಣ್ಣ ಲಿಂಗಾಯತರಿಗೆ ಯಾರೆಂಬುದನ್ನು ಲಿಂಗಾಯತರನ್ನು ಕೇಳಿ ತಿಳಿಯುವ ಗೋಜೇ ಅಲ್ಲಿರಲಿಲ್ಲ. ನಿಮ್ಮವನು ನಾನೇ, ಇನ್ನು ನನ್ನ ಹಿಂದೆ ಬನ್ನಿ ಎಂಬುದಷ್ಟೇ ಕರೆ. ಶಿಶುನಾಳ ಷರೀಫರನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅವರು ಗೋವಿಂದಭಟ್ಟರ ಶಿಷ್ಯರಾದರು, ಯಾರ ದೇವರೂ ಆಗಹೊರಡಲಿಲ್ಲ. ಶಿಷ್ಯನಾಗುವವನು ನೆರೆಯವನ ಧರ್ಮದ ಮುಂದೆ ತಲೆಬಾಗುತ್ತಾನೆ, ಅವತಾರವಾಗುವವನು ಅದನ್ನು ಜಪ್ತಿ ಮಾಡುತ್ತಾನೆ. 2000ದಲ್ಲಿ ಸ್ಫೋಟದ ಹೊಣೆ ಹಿಂದೂ ಸಂಘಟನೆಗಳ ಮೇಲೆ ಬೀಳುವಂತೆ ಆರೋಪಿಗಳು ಕರಪತ್ರಗಳನ್ನು ಹರಡಿದ್ದರೆಂದು ತನಿಖಾಧಿಕಾರಿಗಳು ಹೇಳಿದರು. ಮೊದಲು ಇನ್ನೊಬ್ಬರ ದೇವರ ಹೆಸರು, ಆಮೇಲೆ ಇನ್ನೊಬ್ಬರ ದನಿ: ಚಾಳಿ ಒಂದೇ.

ಇಸ್ಲಾಮೇ ಇದರ ಬೇರು ಎನ್ನುವವರಿದ್ದಾರೆ. ಆದರೆ ಈ ಪಂಥವನ್ನು ಮುಸ್ಲಿಂ ಉಲೇಮಾಗಳೇ ಒಪ್ಪಿರಲಿಲ್ಲ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಎಪ್ಪತ್ತಾರು ವರ್ಷ ಸುಮ್ಮನಿದ್ದ ನಂಬಿಕೆಯನ್ನು ಬಾಂಬಿಗೆ ಹೊಣೆ ಮಾಡುವುದು ಹೇಗೆ? ನಂಬಿಕೆಯೊಂದೇ ಬಾಂಬ್ ಕಟ್ಟುವುದಿಲ್ಲ, ನಿಜ. ಸ್ಥಾಪಕರ ಮಗ ಪಾಕಿಸ್ತಾನದಲ್ಲಿ ಕುಳಿತು ನಡೆಸಿದನೆಂದು ತನಿಖೆ ಹೇಳಿದ ಸಂಚು ಬೇಕಾಯಿತು. ಬಹುಪಾಲು ಅನುಯಾಯಿಗಳಿಗೆ ಅದರ ಗಾಳಿಯೂ ತಾಕಿರಲಾರದು. ಆದರೂ ನೆರೆಯವನ ನಂಬಿಕೆ ತನ್ನದರ ಅರೆಬರೆ ರೂಪ ಎಂದು ಕಲಿತ ಮನಸ್ಸಿಗೆ ಅವನ ಗುಡಿ, ಚರ್ಚು ಪಗಡೆಯ ಕಾಯಿಗಳಂತೆ ಕಾಣುವುದು ಸುಲಭ. ಸಂಚುಗಾರನಿಗೆ ಬೇಕಾದ ಹದ ಅದೇ.

ಕೇಂದ್ರ ಸರ್ಕಾರ 2001ರಲ್ಲಿ ಸಂಘಟನೆಯನ್ನು ನಿಷೇಧಿಸಿತು. 2008ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 23 ಮಂದಿಯನ್ನು ತಪ್ಪಿತಸ್ಥರೆಂದಿತು. ಸರ್ವಧರ್ಮ ಸಮ್ಮೇಳನಗಳ ವೇದಿಕೆ ಕಟ್ಟುವವರಲ್ಲಿ ಒಂದೇ ಬಿನ್ನಹ: ನೆರೆಯವನ ದೇವರು ಯಾರೆಂಬುದನ್ನು ಮೊದಲು ನೆರೆಯವನೇ ಹೇಳಲಿ. ನಾವು ಕೂತು ಕೇಳೋಣ.